ಚಪ್ಪಡಿಗೆ ತೆಗೆದ ಅಳತೆ

ಆ ಬೀದಿಯ ಟೈಲರಿಗೆ ಎರಡು ಹೆಸರಿದ್ದವು. ಎದುರಿಗೆ ‘ಮಾಸ್ಟರ್’, ಬೆನ್ನ ಹಿಂದೆ ‘ನಾಳೆ ಮಾಸ್ಟರ್’. ಹೊಲಿಗೆಯ ಬಗ್ಗೆ ಯಾರೂ ಒಂದು ಮಾತು ಆಡುವಂತಿರಲಿಲ್ಲ. ಅವರ ಕೈಯ ಪ್ಯಾಂಟು ಹಾಕಿಕೊಂಡರೆ ಎಂಥ ಹೊಟ್ಟೆಯವನಿಗೂ ಒಂದು ಅಂದ ಬರುತ್ತಿತ್ತು. ತೊಂದರೆಯೆಂದರೆ, ಪ್ಯಾಂಟು ಕೈಗೆ ಸಿಗುವ ಹೊತ್ತಿಗೆ ಹೊಟ್ಟೆ ಮತ್ತಷ್ಟು ಮುಂದೆ ಹೋಗಿರುತ್ತಿತ್ತು. ಇದನ್ನು ಮೊದಲೇ ಊಹಿಸಿದ ಮಾಸ್ಟರು ಪ್ರತಿ ಅಳತೆಗೂ ಎರಡಿಂಚು ಸೇರಿಸಿ ಬರೆದುಕೊಂಡು, ಹೆಚ್ಚಿನ ಬಟ್ಟೆಯನ್ನು ಒಳಗೆ ಮಡಚಿ ಹೊಲಿಯುತ್ತಿದ್ದರು. “ಒಳಗೆ ಎರಡಿಂಚು ಬಿಟ್ಟಿದೀನಿ. ದಪ್ಪ ಆದ್ರೆ ಬಿಚ್ಚಿಸ್ಕೊಳ್ಳಿ” ಎನ್ನುವುದು ಅವರು ಗಿರಾಕಿಗಳಿಗೆ ಕೊಡುವ ಆಶೀರ್ವಾದ. ಮೂವತ್ತು ವರ್ಷದ ಅಭ್ಯಾಸ. ಟೇಪು ಕೈಗೆ ಬಂದರೆ ಎರಡಿಂಚು ತಾನಾಗಿ ಸೇರಿಕೊಳ್ಳುತ್ತಿತ್ತು.

ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ಒಂದೇ ಬಾಗಿಲು. ಬಾಗಿಲಿಗೂ ರಸ್ತೆಗೂ ನಡುವೆ ಮೋರಿ. ಪ್ರತಿ ಮನೆಯ ಮುಂದೆಯೂ ಮೋರಿ ದಾಟಲು ಒಂದು ಕಲ್ಲು ಚಪ್ಪಡಿ, ಉಳಿದೆಡೆ ಮೋರಿ ಬಾಯಿ ತೆರೆದುಕೊಂಡೇ ಇತ್ತು. ಒಂದು ಸೋಮವಾರ ನೀರಿನ ಟ್ಯಾಂಕರಿನವನು ಗಾಡಿ ತಿರುಗಿಸಲು ಹೋಗಿ ಹಿಂದಿನ ಚಕ್ರವನ್ನು ಮಾಸ್ಟರ ಚಪ್ಪಡಿಯ ಮೇಲೆ ಹತ್ತಿಸಿದ. ಚಪ್ಪಡಿ ಎರಡು ತುಂಡಾಗಿ ಮೋರಿಯೊಳಗೆ ಹೋಯಿತು. ಟ್ಯಾಂಕರಿನವನು ಇಳಿದು ನೋಡಿ, “ಅಯ್ಯೋ ಪಾಪ” ಎಂದು ಯಾರಿಗೋ ಆದ ಕಷ್ಟಕ್ಕೆ ಮರುಗುವವನಂತೆ ಮರುಗಿ, ಗಾಡಿ ಹತ್ತಿ ಹೊರಟುಹೋದ.

ಮಾಸ್ಟರು ಹಾರಿ ದಾಟಿದರು. ಅವರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ದಾಟಿದರು. ಗಿರಾಕಿಗಳು ಬೈದುಕೊಳ್ಳುತ್ತಾ ದಾಟಿದರು. ದಾಟಲಾರದೆ ಉಳಿದವರು ಮಾಸ್ಟರ ಅಮ್ಮ ಒಬ್ಬರೇ. ಎಂಬತ್ತರ ವಯಸ್ಸು, ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದರದು ಬಾಕಿ ಇದೆ. ಬೆಳಗ್ಗೆಯೆಲ್ಲ ಅಂಗಡಿಯ ಮೂಲೆಯಲ್ಲಿ ಕೂತು ಡಬ್ಬಿಯ ಬಟನ್‌ಗಳನ್ನು ಕೈಯಲ್ಲೇ ಮುಟ್ಟಿ ನೋಡಿ ಬೇರೆ ಬೇರೆ ಮಾಡುತ್ತಿದ್ದ ಈ ಅಮ್ಮ, ನಾಲ್ಕು ಗಂಟೆ ಹೊಡೆದರೆ ಎದುರು ಮನೆಯ ನರ್ಸಮ್ಮನ ಜಗುಲಿಗೆ ಹೊರಟುಬಿಡುತ್ತಿದ್ದರು. ನರ್ಸಮ್ಮ ನಿವೃತ್ತರಾಗಿ ಯಾವ ಕಾಲವಾಯಿತೋ. ಮಂಡಿನೋವು, ಅವರಿಂದ ಈ ಕಡೆ ಬರಲಾಗದು. ಈಗ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ಕೂತು ಒಬ್ಬರನ್ನೊಬ್ಬರು ನೋಡುವಂತಾಯಿತು. ಕೂಗಿ ಮಾತಾಡಬಹುದಿತ್ತು, ನಿಜ. ಆದರೆ ಕೂಗಿ ಹೇಳುವಂಥ ವಿಷಯ ಮೂವತ್ತು ವರ್ಷದಲ್ಲಿ ಅವರಿಬ್ಬರ ನಡುವೆ ಒಂದೂ ಬಂದಿರಲಿಲ್ಲ.

“ಬಟ್ಟೆ ಕತ್ತರಿಸೋ ಹಲಗೆ ಇದೆಯಲ್ಲೋ, ತೆಗೆದು ಅಡ್ಡ ಹಾಕು. ಕೈ ಹಿಡಿದು ದಾಟಿಸು. ಅಷ್ಟೇ ತಾನೆ?” ಎಂದರು ಅಮ್ಮ.

“ಹಲಗೆ ಹಾಕಿದ್ರೆ ದೂರಿನ ಬಲ ಹೋಗ್ಬಿಡುತ್ತಮ್ಮ. ನಗರಸಭೆಯವರು ಬಂದು ನೋಡ್ತಾರೆ, ಓಹೋ ಇವರಿಗೆ ದಾರಿ ಇದೆಯಲ್ಲ ಅಂತ ವಾಪಸ್ ಹೋಗ್ತಾರೆ. ಇದನ್ನ ಕ್ರಮವಾಗಿ ಮಾಡಬೇಕು.”

ಎರಡು ದಿನ ಅಮ್ಮ ಕ್ರಮವನ್ನು ಸಹಿಸಿಕೊಂಡರು. ಮೂರನೆಯ ದಿನ ಬಟನ್ ಡಬ್ಬಿಯ ಮುಚ್ಚಳ ಹಾಕಿ ಹೇಳಿದರು: “ಮುಂದಿನ ವಾರ ಶನಿವಾರ ನಾಲ್ಕು ಗಂಟೆಗೆ ನಿನ್ನ ಅಕ್ಕ ಕಾರು ತಗೊಂಡು ಬರ್ತಾಳೆ. ಅಷ್ಟರಲ್ಲಿ ಇದು ಸರಿಯಾದ್ರೆ ಆಯ್ತು. ಇಲ್ದಿದ್ರೆ ಅವಳ ಜೊತೆ ಹೋಗ್ತೀನಿ. ಮತ್ತೆ ಬರಲ್ಲ.”

“ಮೋರಿ ಹೇಗಮ್ಮ ದಾಟ್ತೀಯ?”

“ನಿನ್ನ ಭಾವ ಎತ್ಕೊಂಡು ದಾಟಿಸ್ತಾನೆ. ಅವನಿಗೆ ಅರ್ಜಿ ಬರೆಯೋಕೆ ಬರಲ್ಲ.”

ಅಮ್ಮ ಒಮ್ಮೆ ಹೇಳಿದರೆ ಮುಗಿಯಿತು. ಆ ವಿಷಯದಲ್ಲಿ ಮಗ ತಾಯಿಯನ್ನು ಸ್ವಲ್ಪವೂ ಹೋಲುತ್ತಿರಲಿಲ್ಲ. ಆ ಮೂಲೆಯಲ್ಲಿ ಬಟನ್‌ಗಳ ಸದ್ದಿಲ್ಲದೆ ಅಂಗಡಿ ನಡೆಸುವುದನ್ನು ಮಾಸ್ಟರಿಂದ ನೆನೆಸಿಕೊಳ್ಳಲೂ ಆಗಲಿಲ್ಲ. ಕೂಡಲೇ ಅರ್ಜಿ ಮುಗಿಸಲು ಕೂತರು.

ಅರ್ಜಿ ಮೂರು ಪುಟವಾಯಿತು. ಮೋರಿ ಎಂದರೇನು, ನಾಗರಿಕ ಜೀವನದಲ್ಲಿ ಅದರ ಸ್ಥಾನವೇನು ಎಂಬುದಕ್ಕೇ ಒಂದು ಪುಟ ಹೋಯಿತು. ಬೀದಿಯವರ ಸಹಿ ಇದ್ದರೆ ತೂಕ ಬರುತ್ತದೆಂದು ಮನೆಮನೆಗೆ ಹೋದರೆ, ಬರೀ ಸಹಿ ಹಾಕುವಷ್ಟು ಔದಾರ್ಯ ಯಾರಿಗೂ ಇರಲಿಲ್ಲ. ಇಸ್ತ್ರಿಯವನು, “ನಾಯಿಗಳ ವಿಷಯ ಒಂದು ಸಾಲು ಸೇರಿಸಿ, ಹಾಕ್ತೀನಿ” ಎಂದ. ಮಹಡಿ ಮನೆಯಾಕೆ ಕಸದ ಗಾಡಿ ಹಾಡು ಹಾಕುವುದನ್ನು ನಿಲ್ಲಿಸಬೇಕೆಂದರು. ಪಕ್ಕದ ಮನೆಯ ಲೆಕ್ಕದ ಟೀಚರು ಅರ್ಜಿಯನ್ನು ಪೂರ್ತಿ ಓದಿ, ಕೆಂಪು ಪೆನ್ನು ತೆಗೆದು, “ಬೀದಿ ದೀಪ ಕೆಟ್ಟಿರೋದನ್ನೇ ಬರೆದಿಲ್ವಲ್ರೀ? ಅದು ಮೊದಲು ಬರಬೇಕು. ಬೆಳಕೇ ಇಲ್ಲದೆ ಮೋರಿ ಹೇಗೆ ಕಾಣುತ್ತೆ? ಒಂದು ಕ್ರಮ ಬೇಡ್ವಾ?” ಎಂದರು. ಕ್ರಮ ಎಂಬ ಮಾತಿಗೆ ಮಾಸ್ಟರು ಸೋತರು. ಕೊನೆಗೆ ಹನ್ನೊಂದು ಬೇಡಿಕೆಗಳ ಪಟ್ಟಿಯಲ್ಲಿ ಚಪ್ಪಡಿ ಏಳನೆಯದಾಗಿ, ಕಸದ ಗಾಡಿಯ ಹಾಡಿಗೂ ಯಾರದೋ ತೆಂಗಿನ ಗರಿಗೂ ನಡುವೆ, ಜಾಗ ಪಡೆಯಿತು.

ಅರ್ಜಿ ನಗರಸಭೆ ಕಚೇರಿಗೆ ಹೋಯಿತು. ಮೊಬೈಲಿಗೆ ಸಂದೇಶ ಬಂದಿದ್ದು ಶುಕ್ರವಾರ: ‘ನಿಮ್ಮ ಬೀದಿ ದೀಪ ಸರಿಪಡಿಸಲಾಗಿದೆ. ದೂರು ಮುಕ್ತಾಯ.’

ಮಾಸ್ಟರು ಹೊರಗೆ ಇಣುಕಿದರು. ಮಟಮಟ ಮಧ್ಯಾಹ್ನ ದೀಪ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಮೋರಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಟೀಚರು ಕಿಟಕಿಯಿಂದ, “ನೋಡಿದ್ರಾ? ಕ್ರಮವಾಗಿ ಬರೆದ್ರೆ ಕೆಲಸ ಆಗುತ್ತೆ” ಎಂದರು.

ಸೋಮವಾರ ಬೆಳಗ್ಗೆ ಅಂಗಡಿಯ ಕೆಲಸ ಬಿಟ್ಟು ಮಾಸ್ಟರು ಕಚೇರಿಗೇ ಹೋದರು. ದೂರು ವಿಭಾಗದಲ್ಲಿ ಭಾರೀ ಮೈಕಟ್ಟಿನ ಗುಮಾಸ್ತರೊಬ್ಬರು ಎರಡು ಕುರ್ಚಿಯ ಜಾಗದಲ್ಲಿ ಒಬ್ಬರೇ ಕೂತಿದ್ದರು. ಅವರು ಮೂರು ಪುಟದ ಅರ್ಜಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು.

“ಇದನ್ನ ಓದೋಕೆ ನನಗೆ ಪಿಂಚಣಿ ಬಂದ ಮೇಲೇ ಪುರುಸೊತ್ತಾಗೋದು. ನೋಡಿ ಸ್ವಾಮಿ, ಒಂದು ದೂರಿಗೆ ಒಂದೇ ವಿಷಯ. ಎಲ್ಲಿ, ಏನು, ಎಷ್ಟು ಅಳತೆ. ಜೊತೆಗೊಂದು ಫೋಟೋ. ಎರಡೇ ಸಾಲು ಬರೀರಿ, ಸಾಕು.”

“ಈಗಲೇ ಇಲ್ಲೇ ಬರೆದು ಕೊಡ್ತೀನಿ ಸಾರ್.”

“ಅಳತೆ, ಫೋಟೋ ಎಲ್ಲಿ? ತಗೊಂಡು ನಾಳೆ ಬನ್ನಿ. ಇಲ್ದಿದ್ರೆ ಮೊಬೈಲಿನಲ್ಲೇ ಕಳಿಸಿ.”

ನಾಳೆ ಬನ್ನಿ! ಜೀವನದಲ್ಲಿ ಲೆಕ್ಕವಿಲ್ಲದಷ್ಟು ಸಲ ಆಡಿದ ಮಾತನ್ನು ಮಾಸ್ಟರು ಮೊದಲ ಸಲ ಕಿವಿಯಿಂದ ಕೇಳಿದರು, ಅದು ಇಷ್ಟು ಒರಟಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಮುಖ ಸಪ್ಪಗಾಗಿದ್ದನ್ನು ನೋಡಿ ಗುಮಾಸ್ತರು ಮೆತ್ತಗಾದರು.

“ಬೇಜಾರು ಮಾಡ್ಕೋಬೇಡಿ. ನಿಮ್ಮದು ಒಂದು ವಾರ. ನನ್ನದು ನಾಲ್ಕು ತಿಂಗಳು. ಈ ಶನಿವಾರ ಸಂಜೆ ನನ್ನ ಬೀಳ್ಕೊಡುಗೆ, ಹಾಕ್ಕೊಳ್ಳೋಕೆ ಕೋಟಿಲ್ಲ. ಹಳೇ ಕೋಟು ಅಳತೆಗೆ ಅಂತ ಕೊಟ್ಟು, ಹೊಸ ಬಟ್ಟೆ ಕೊಟ್ಟು, ನನ್ನ ಹೆಂಡತಿ ವಾರವಾರ ಅಲೀತಿದ್ದಾಳೆ. ಯಾವನೋ ಟೈಲರಂತೆ. ನಾಳೆ, ನಾಳೆ, ನಾಳೆ!”

ಮಾಸ್ಟರಿಗೆ ನಿಜಕ್ಕೂ ಸಿಟ್ಟು ಬಂತು. “ಅಂಥವರಿಂದಲೇ ಸಾರ್ ನಮ್ಮ ಕಸುಬಿಗೇ ಕೆಟ್ಟ ಹೆಸರು!” ಎಂದು ಮೇಜು ಕುಟ್ಟಿದರು. ಅವರ ಅಂಗಡಿಯಲ್ಲಿ ಆರು ಹೆಂಗಸರು ಗಂಡಂದಿರಿಗಾಗಿ ಕೊಟ್ಟುಹೋದ ಆರು ಕೋಟುಗಳು ತೂಗುತ್ತಿದ್ದವು, ಅದು ಬೇರೆ ಮಾತು.

ಮಂಗಳವಾರ ಬೆಳಗ್ಗೆ ಮಾಸ್ಟರು ಟೇಪು ಹಿಡಿದು ಮೋರಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಚಪ್ಪಡಿ ಕೂರಲೆಂದೇ ಮೋರಿಯ ಅಂಚಿನಲ್ಲಿ ಕಟ್ಟಿದ್ದ ಚೌಕವನ್ನು ಅಡ್ಡಕ್ಕೆ ಅಳೆದರು, ಉದ್ದಕ್ಕೆ ಅಳೆದರು. ಅಡ್ಡ ಮೂವತ್ತು, ಉದ್ದ ಮೂವತ್ತಾರು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಬರೆದುಕೊಂಡರು: ‘32, 38.’ ಬರೆದ ಕೈಗೂ ಗೊತ್ತಾಗಲಿಲ್ಲ, ಬರೆಸಿದ ತಲೆಗೂ ಗೊತ್ತಾಗಲಿಲ್ಲ.

ಇನ್ನು ಫೋಟೋ. ತೆಗೆದು ನೋಡಿದರೆ ಮೋರಿ ಬರೀ ಕಪ್ಪಗೆ ಕಾಣುತ್ತಿತ್ತು. ಎಷ್ಟು ಆಳ, ಎಷ್ಟು ಅಪಾಯ, ಏನೂ ತಿಳಿಯುತ್ತಿರಲಿಲ್ಲ. ಮಾಸ್ಟರಿಗೆ ಒಂದು ಉಪಾಯ ಹೊಳೆಯಿತು. ಅಂಗಡಿಯಲ್ಲಿ ಬಟ್ಟೆ ತೊಡಿಸಿ ನಿಲ್ಲಿಸುವ ಗೊಂಬೆಯೊಂದಿತ್ತು. ಸೊಂಟದವರೆಗೆ ಮನುಷ್ಯ, ಕೆಳಗೆ ಕಬ್ಬಿಣದ ಕೋಲು. ಅದನ್ನು ತಂದು ಮೋರಿಯೊಳಗೆ ನಿಲ್ಲಿಸಿದರು. ದಾರಿಹೋಕರಿಗೆ ಎಚ್ಚರಿಕೆಯೂ ಆಯಿತು, ಅಳತೆಗೊಂದು ಆಧಾರವೂ ಆಯಿತು.

“ರೀ, ಅದಕ್ಕೆ ಏನಾದ್ರೂ ಹಾಕ್ರೀ. ಬರೀ ಮೈಯಲ್ಲಿ ನಿಂತಿದೆ, ನೋಡೋಕಾಗಲ್ಲ” ಎಂದರು ಹೆಂಡತಿ.

ಮಾಸ್ಟರು ಕೈಗೆ ಸಿಕ್ಕಿದ ಕಾಫಿ ಬಣ್ಣದ ಕೋಟೊಂದನ್ನು ತೊಡಿಸಿದರು. ಅದಕ್ಕೆ ಒಂದೇ ತೋಳಿತ್ತು. ಫೋಟೋ ತೆಗೆದು, ಗುಮಾಸ್ತರು ಹೇಳಿದ ಹಾಗೆ ಎರಡೇ ಸಾಲು ಬರೆದು ಕಳಿಸಿದರು: ‘ಹೊಲಿಗೆ ಅಂಗಡಿಯ ಮುಂದಿನ ಮೋರಿ. ಪರಿಸ್ಥಿತಿ ಹೀಗಿದೆ, ಬೇಗ ಬನ್ನಿ. ಅಳತೆ 32, 38.’

ಅರ್ಧ ಗಂಟೆ ಕಳೆದಿರಲಿಲ್ಲ. ಸೈರನ್ ಹಾಕಿಕೊಂಡು ಕೆಂಪು ಗಾಡಿಯೊಂದು ಬೀದಿಗೆ ನುಗ್ಗಿತು. ಆರು ಜನ ಹೆಲ್ಮೆಟ್ಟಿನವರು ಹಗ್ಗ, ಏಣಿ, ಸ್ಟ್ರೆಚರ್ ಹಿಡಿದು ಧುಮುಕಿದರು. ಇಸ್ತ್ರಿಯವನು ಇಸ್ತ್ರಿ ಬಿಟ್ಟು ಓಡಿಬಂದ. ಮಹಡಿ ಮನೆಯಾಕೆ ಮಹಡಿಯಿಂದಲೇ ಅಳಲು ಶುರು ಮಾಡಿದರು.

“ಯಾರೂ ಹತ್ತಿರ ಬರಬೇಡಿ! ಸೊಂಟ ಮೂವತ್ತೆರಡು, ಎದೆ ಮೂವತ್ತೆಂಟು ಅಂತ ಮಾಹಿತಿ ಬಂದಿದೆ. ಆಳು ಸಣಕಲು, ಸಲೀಸಾಗಿ ಬರ್ತಾನೆ. ಒಂದು ತೋಳು ಹೋಗಿದೆ, ಹುಷಾರು!” ಎಂದು ಅವರ ಮುಖ್ಯಸ್ಥ ಕೂಗಿದ.

“ಸಾರ್, ಅದು ಗೊಂಬೆ!” ಎಂದರು ಮಾಸ್ಟರು.

“ಪಾಪ, ಮನೆಯವರಿಗೆ ಆಘಾತ ಆಗಿದೆ. ಇವರಿಗೆ ನೀರು ಕೊಡ್ರಿ” ಎಂದ ಮುಖ್ಯಸ್ಥ.

ಮಾಸ್ಟರನ್ನು ಬಲವಂತವಾಗಿ ಕೂರಿಸಿ ನೀರು ಕುಡಿಸಲಾಯಿತು. ಗೊಂಬೆಯನ್ನು ಹಗ್ಗ ಕಟ್ಟಿ ಮೇಲೆತ್ತಲಾಯಿತು. ಕಾಲಿನ ಜಾಗದಲ್ಲಿ ಕಬ್ಬಿಣದ ಕೋಲು ಕಂಡಾಗ ಮುಖ್ಯಸ್ಥನ ಮುಖದ ಬಣ್ಣ ಬದಲಾಯಿತು. ಸುಳ್ಳು ದೂರಿಗೆ ಸಾಕ್ಷಿಯೆಂದು ದೂರು ವಿಭಾಗಕ್ಕೆ ಒಪ್ಪಿಸಲು ಕೋಟಿನ ಸಮೇತ ಅದನ್ನು ಗಾಡಿಯಲ್ಲಿ ಹಾಕಿಕೊಂಡು ಹೊರಟರು. ಹಿಂದೆಯೇ ಸಂದೇಶ ಬಂತು: ‘ಮೋರಿಗೆ ಬಿದ್ದ ವ್ಯಕ್ತಿಯನ್ನು ಮೇಲೆತ್ತಲಾಗಿದೆ. ದೂರು ಮುಕ್ತಾಯ.’

ಅಮ್ಮ ಮೂಲೆಯಿಂದ ಕೇಳಿದರು: “ಗೊಂಬೆ ದಾಟಿತಾ?”

“ದಾಟಿತು.”

“ನೋಡು, ಗೊಂಬೆಯ ಪುಣ್ಯ. ನಾನೂ ಒಂದು ಕೋಟು ಹಾಕ್ಕೊಂಡು ಇಳೀಲಾ?”

ಬುಧವಾರ ಮಾಸ್ಟರು ಮತ್ತೆ ಕಚೇರಿಗೆ ಹೋದಾಗ, ದೂರು ವಿಭಾಗದಲ್ಲಿ ಗುಮಾಸ್ತರ ಎದುರಿನ ಕುರ್ಚಿಗೆ ಗೊಂಬೆಯನ್ನು ಒರಗಿಸಿಟ್ಟಿದ್ದರು. ಗುಮಾಸ್ತರು ಅದರ ಕಾಲರನ್ನು ಹಿಡಿದು ದುರುಗುಟ್ಟಿ ನೋಡುತ್ತಿದ್ದರು.

“ಈ ಬಟ್ಟೆ ನಾನೇ ಆರಿಸಿದ್ದು. ಇಡೀ ಅಂಗಡೀಲಿ ಇದೊಂದೇ ತುಂಡಿತ್ತು. ನನ್ನ ಕೋಟು ಇವನ ಮೈಮೇಲೆ ಹೇಗೆ ಬಂತು?”

ಮೂವತ್ತು ವರ್ಷ ಮಾಸ್ಟರನ್ನು ಕಾಪಾಡಿದ ಮಾತು ತಾನಾಗಿ ನಾಲಿಗೆಗೆ ಬಂದುಬಿಟ್ಟಿತು: “ಒಂದು ತೋಳು ಮಾತ್ರ ಬಾಕಿ ಸಾರ್. ನಾಳೆ...”

“ಓ! ಆ ನಾಳೆ ನೀವೇನಾ?”

ಮುಂದೆ ಹತ್ತು ನಿಮಿಷ ನಡೆದದ್ದನ್ನು ಪಕ್ಕದ ವಿಭಾಗದವರೂ ಎದ್ದು ಬಂದು ಕೇಳಿದರು. ನಾಲ್ಕು ತಿಂಗಳು ದೊಡ್ಡದೋ, ಒಂಬತ್ತು ದಿನ ದೊಡ್ಡದೋ. ಮನೆಯ ಮುದುಕಿ ಹೊರಗೆ ಬರಲಾಗದ್ದು ಹೆಚ್ಚೋ, ಹೆಂಡತಿ ಹದಿನಾರು ಸಲ ಅಲೆದದ್ದು ಹೆಚ್ಚೋ. ಕೊನೆಗೆ ಇಬ್ಬರೂ ಸುಸ್ತಾಗಿ ಗೊಂಬೆಯ ಎರಡೂ ಬದಿಗೆ ಕೂತರು.

“ಮೊದಲು ಕೋಟು” ಎಂದರು ಗುಮಾಸ್ತರು.

“ಮೊದಲು ಚಪ್ಪಡಿ” ಎಂದರು ಮಾಸ್ಟರು.

“ನಿಮ್ಮನ್ನ ನಂಬೋದು ಹೇಗ್ರೀ?”

“ನಿಮ್ಮನ್ನ ನಂಬೋದು ಹೇಗೆ ಸಾರ್?”

ಎರಡೂ ಕಡೆ ನಂಬಿಕೆಯ ಮಟ್ಟ ಸಮವಾಗಿದ್ದರಿಂದ ಒಪ್ಪಂದ ಕುದುರಿತು. ಶುಕ್ರವಾರ ಚಪ್ಪಡಿ, ಶನಿವಾರ ಮಧ್ಯಾಹ್ನ ಕೋಟು. ಗುಮಾಸ್ತರು ಅಲ್ಲೇ ಫೋನೆತ್ತಿ ಕಲ್ಲು ಕೊಯ್ಯುವವರಿಗೆ ಅಳತೆ ಹೇಳಿದರು: “ಮೂವತ್ತೆರಡು, ಮೂವತ್ತೆಂಟು. ಟೈಲರೇ ತೆಗೆದಿರೋ ಅಳತೆ ಕಣ್ರೀ, ಕೂದಲಷ್ಟೂ ಆಚೀಚೆ ಆಗಬಾರದು.” ಮಾಸ್ಟರು ಹೆಮ್ಮೆಯಿಂದ ತಲೆಯಾಡಿಸಿ, ಕೋಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು.

ಆಶ್ಚರ್ಯದ ಸಂಗತಿಯೆಂದರೆ, ಶುಕ್ರವಾರ ಹೇಳಿದ ಹೊತ್ತಿಗೆ ಚಪ್ಪಡಿ ಬಂದೇ ಬಂತು. ಬೀದಿಯೆಲ್ಲ ಸೇರಿತು. ಅಮ್ಮ ಹೊಸ ಚಪ್ಪಲಿ ತೆಗೆಸಿ ಬಾಗಿಲಲ್ಲಿ ಕೂತರು. ನಾಲ್ವರು ಕೆಲಸಗಾರರು ಚಪ್ಪಡಿಯನ್ನು ಹಾರೆಯಿಂದ ಮೀಟಿ ತಂದು ಚೌಕದ ಮೇಲೆ ಬಾಗಿಸಿದರು. ಕೂರಲಿಲ್ಲ. ತಿರುಗಿಸಿದರು. ಆಗಲೂ ಕೂರಲಿಲ್ಲ. ಮೇಸ್ತ್ರಿ ಟೇಪು ಹಿಡಿದು ಅಳೆದು, ಹಣೆ ಚಚ್ಚಿಕೊಂಡ.

“ಎರಡಿಂಚು ಜಾಸ್ತಿ ಇದೆ ಸ್ವಾಮಿ. ಅಡ್ಡಾನೂ ಅಷ್ಟೇ, ಉದ್ದಾನೂ ಅಷ್ಟೇ. ಯಾರು ಅಳತೆ ಕೊಟ್ಟಿದ್ದು?”

ಎಲ್ಲರೂ ಮಾಸ್ಟರ ಕಡೆ ತಿರುಗಿದರು. ಮಾಸ್ಟರಿಗೆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು, ಅರ್ಥವಾಗದಿದ್ದರೇ ಚೆನ್ನಾಗಿತ್ತು.

“ಒಳಗೆ ಮಡಚೋಕೆ ಅಂತ... ಎರಡಿಂಚು ಬಿಟ್ಟಿದ್ದೆ.”

ಮೇಸ್ತ್ರಿ ಟೇಪನ್ನು ಅವರ ಕೈಗೆ ಕೊಟ್ಟ. “ಕಲ್ಲನ್ನ ಹೇಗೆ ಮಡಚೋದು, ತೋರಿಸಿಕೊಡಿ. ಕಲಿತ್ಕೋತೀನಿ.”

ಇಸ್ತ್ರಿಯವನು ಮಾತ್ರ ಧೈರ್ಯ ಹೇಳಿದ: “ಇರಲಿ ಬಿಡಿ ಮಾಸ್ಟರ್, ಮೋರಿ ದಪ್ಪ ಆದ್ರೆ ಉಪಯೋಗಕ್ಕೆ ಬರುತ್ತೆ.”

ಹೋಗಲಿ, ಮೇಲಾದರೂ ಇಡಿ ಎಂದು ಮಾಸ್ಟರು ಅಂಗಲಾಚಿದರು. ಮೇಸ್ತ್ರಿ ಚೀಟಿ ತೋರಿಸಿದ. ಅದರಲ್ಲಿ ‘ಚೌಕದೊಳಗೆ ಕೂರಿಸುವುದು’ ಎಂದಿತ್ತು, ಮೇಲೆ ಇಡುವುದು ಎಂದಿರಲಿಲ್ಲ. ಕಡಿದು ಸರಿಮಾಡಲು ಬೇರೆ ದೂರು, ಬೇರೆ ಚೀಟಿ, ಬೇರೆ ಜನ. ಚಪ್ಪಡಿಯನ್ನು ರಸ್ತೆಯ ಕಡೆ ಕಂಬಕ್ಕೆ ಒರಗಿಸಿಟ್ಟು ಅವರು ಹೊರಟರು. ಸಂದೇಶ ಬಂತು: ‘ಚಪ್ಪಡಿ ತಲುಪಿಸಲಾಗಿದೆ. ದೂರು ಮುಕ್ತಾಯ.’ ಅಮ್ಮ ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು.

ಶನಿವಾರ ಮಾಸ್ಟರು ಊಟ ಬಿಟ್ಟು ಕೋಟು ಮುಗಿಸಿದರು. ಕಣ್ಣೀರು ಒರೆಸಿಕೊಳ್ಳುತ್ತಲೇ ತೋಳು ಹಚ್ಚಿದರು, ಮಾತು ಕೊಟ್ಟ ದಿನಕ್ಕೆ ಕೆಲಸ ಮುಗಿಸುತ್ತಿರುವುದು ಹುಟ್ಟಿದ ಮೇಲೆ ಇದೇ ಮೊದಲೆಂಬುದು ಅವರ ಗಮನಕ್ಕೇ ಬರಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗುಮಾಸ್ತರು ಆಟೋದಲ್ಲಿ ಬಂದಿಳಿದರು. ಹಿಂದೆಯೇ ಅಕ್ಕ ಭಾವನ ಕಾರೂ ಬಂತು. ಮೋರಿಯ ಆ ಕಡೆ ಗುಮಾಸ್ತರು, ಅಕ್ಕ, ಭಾವ, ಅರ್ಧ ಬೀದಿ. ಈ ಕಡೆ ಕೋಟು ಹಿಡಿದ ಮಾಸ್ಟರು, ಬ್ಯಾಗು ಹಿಡಿದ ಅಮ್ಮ.

ಗುಮಾಸ್ತರು ಮೋರಿಯನ್ನು ನೋಡಿದರು, ತಮ್ಮ ಮೈಯನ್ನು ನೋಡಿಕೊಂಡರು, ಹಾರುವ ಯೋಚನೆ ಬಿಟ್ಟರು. “ಕೋಟು ಈ ಕಡೆ ಎಸೀರಿ.”

ಮಾಸ್ಟರು ಕೈಯೆತ್ತಿದರು. ಅಮ್ಮ ಆ ಕೈ ಹಿಡಿದರು.

“ಎಸೀಬೇಡ. ಯಾರಪ್ಪ ನೀನು? ಮೋರಿ ಕಚೇರಿಯವನಾ? ಆ ಕಲ್ಲು ಯಾಕೆ ಅಲ್ಲಿ ನಿಂತಿದೆ?”

“ಅದು ಚೌಕಕ್ಕಿಂತ ದೊಡ್ಡದಾಗಿದೆ ತಾಯಿ. ಒಳಗೆ ಕೂರಲ್ಲ.”

“ನಿಮ್ಮ ಮನೇಲಿ ಪಾತ್ರೆಗೆ ಮುಚ್ಚಳ ಇದೆಯಾ?”

“ಇದೆ.”

“ಅದು ಪಾತ್ರೆಯೊಳಗೆ ಕೂತಿರುತ್ತಾ, ಮೇಲೆ ಕೂತಿರುತ್ತಾ?”

ಗುಮಾಸ್ತರು ಬಾಯಿ ತೆರೆದರು. “ನಿಯಮದ ಪ್ರಕಾರ ಮೂರಿಂಚು ಎತ್ತರ ಆಗುತ್ತೆ ತಾಯಿ. ಅದಕ್ಕೆ ಬೇರೆ ದೂರು ಬರುತ್ತೆ.”

“ಬರಲಿ. ಮೂರಿಂಚು ನಾನು ಹತ್ತಬಲ್ಲೆ. ಮೂವತ್ತಿಂಚು ಹಾರಲಾರೆ. ಬೀಳ್ಕೊಡುಗೆ ಎಷ್ಟು ಗಂಟೆಗೆ?”

“ಐದಕ್ಕೆ.”

“ಹಾಗಾದ್ರೆ ಬೇಗ ಎತ್ತು.”

ಗುಮಾಸ್ತರು ತೋಳು ಮಡಚಿದರು. ನಲವತ್ತು ವರ್ಷ ದೂರುಗಳನ್ನು ಬರೆದುಕೊಂಡಿದ್ದ ಕೈ ಕೊನೆಯ ದಿನ ಮೊದಲ ಸಲ ಕಲ್ಲು ಹಿಡಿಯಿತು. ಭಾವ ಒಂದು ಮೂಲೆ, ಇಸ್ತ್ರಿಯವನು ಒಂದು ಮೂಲೆ, ಆಟೋದವನು ಒಂದು ಮೂಲೆ. ಟೀಚರು ಯಾವ ಕ್ರಮದಲ್ಲಿ ಎತ್ತಬೇಕೆಂದು ಹೇಳಿದರು, ಯಾರೂ ಕೇಳಲಿಲ್ಲ. ಚಪ್ಪಡಿ ಧೊಪ್ಪೆಂದು ಚೌಕದ ಮೇಲೆ ಬಿತ್ತು. ನಾಲ್ಕು ಕಡೆಯೂ ಒಂದೊಂದಿಂಚು ಹೊರಚಾಚಿಕೊಂಡು, ಒಳ್ಳೆ ಮುಚ್ಚಳದ ಹಾಗೆ ಗಟ್ಟಿಯಾಗಿ ಕೂತಿತು.

ಮಾಸ್ಟರು ಅಮ್ಮನ ಕೈ ಹಿಡಿಯಲು ಹೋದರು. ಅಮ್ಮ ಕೊಡವಿದರು.

“ಹನ್ನೆರಡು ದಿನದ ಹಿಂದೆ ಕೈ ಹಿಡಿದು ದಾಟಿಸೋ ಅಂತ ಕೇಳಿದೆ. ನೀನು ಪೆನ್ನು ಹಿಡಿದೆ.”

ಮಾಸ್ಟರು ತಲೆ ತಗ್ಗಿಸಿದರು. ನೋವಾಯಿತು, ಅದು ನಿಜವಾಗಿದ್ದರಿಂದ ಇನ್ನಷ್ಟು ನೋವಾಯಿತು. ಅಮ್ಮ ಒಂದು ಹೆಜ್ಜೆ ಮೇಲೆ ಹತ್ತಿದರು, ನಡುವೆ ಒಮ್ಮೆ ನಿಂತು ಕಾಲಿನಿಂದ ಕುಟ್ಟಿ ನೋಡಿದರು, ಆಮೇಲೆ ಏನನ್ನಿಸಿತೋ ಹಿಂದಕ್ಕೆ ಕೈ ಚಾಚಿದರು. ಮಗ ಬಂದು ಹಿಡಿದುಕೊಂಡ. ಇಬ್ಬರೂ ಇಳಿದು ರಸ್ತೆ ದಾಟಿದರು. ನರ್ಸಮ್ಮ ಜಗುಲಿಯ ಮೇಲಿನ ಪೇಪರು ಸರಿಸಿ ಜಾಗ ಮಾಡಿದರು. ಅಮ್ಮ ಕೂತರು, ಬ್ಯಾಗನ್ನು ಕಾಲ ಬಳಿ ಇಟ್ಟರು, ನರ್ಸಮ್ಮನ ಕಿವಿಯ ಹತ್ತಿರ ಬಾಗಿ ಶುರು ಮಾಡಿದರು. ಮಹಡಿ ಮನೆಯಾಕೆ ಎಷ್ಟು ಕಿವಿ ನೆಟ್ಟರೂ ಒಂದಕ್ಷರ ಕೇಳಿಸಲಿಲ್ಲ.

ಗುಮಾಸ್ತರು ಕೋಟು ತೊಟ್ಟು ಕಾರಿನ ಗಾಜಿನಲ್ಲಿ ನೋಡಿಕೊಂಡರು. ಎಲ್ಲೂ ಒಂದು ಸುಕ್ಕಿರಲಿಲ್ಲ. ಬೈಯಲು ತಯಾರಾಗಿದ್ದ ಮಾತೆಲ್ಲ ವ್ಯರ್ಥವಾದದ್ದಕ್ಕೆ ಬೇಸರಪಟ್ಟುಕೊಂಡು ಆಟೋ ಹತ್ತಿದರು.

ಅಕ್ಕ ಕಾರಿನ ಬಾಗಿಲು ಹಿಡಿದುಕೊಂಡು ಕಾದಳು. ಹತ್ತು ನಿಮಿಷವಾಯಿತು. ಕಾಲು ಗಂಟೆಯಾಯಿತು. ಕೊನೆಗೆ ಕೂಗಿದಳು: “ಅಮ್ಮಾ, ಅಷ್ಟು ದೂರದಿಂದ ಬಂದಿದೀವಿ. ಹೊರಡೋಣ್ವಾ?”

ಅಮ್ಮ ತಿರುಗಿಯೂ ನೋಡಲಿಲ್ಲ.

“ನಾಳೆ ಬಾ” ಎಂದರು.

ಅಕ್ಕ ತಮ್ಮನ ಮುಖ ನೋಡಿದಳು. ಆ ಮನೆಯಲ್ಲಿ ಹುಟ್ಟಿ ಬೆಳೆದವಳು ಅವಳು. ಬೇರೇನೂ ಕೇಳದೆ ಕಾರಿನ ಬಾಗಿಲು ಹಾಕಿದಳು.